ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ನಮ್ಮ ಅಂಗಡಿಗೆ ಬಟ್ಟೆ ಕೊಡಲು ಬಂದವರು ಯಾರಾದರೂ "ನಿಮ್ಮ ತಮ್ಮನ ಟೀಮಿಗೆ ಒಳ್ಳೇ ಅದೃಷ್ಟ ಕಣ್ರೀ" ಎಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಅದೃಷ್ಟವಂತೆ ಅದೃಷ್ಟ! ಅದು ಒಂದು ದಿನ ಬಂದೀತು, ಎರಡು ದಿನ ಬಂದೀತು. ವರ್ಷಗಟ್ಟಲೆ ತಪ್ಪದೆ ಬಂದು ಬಾಗಿಲು ತಟ್ಟುವುದಕ್ಕೆ ಅದೇನು ಹಾಲಿನವನೇ? ಅಂಥವರ ಅಂಗಿಯನ್ನು ಪಕ್ಕಕ್ಕಿಟ್ಟು ಎಲ್ಲರದೂ ಮುಗಿದ ಮೇಲೆ ಕೈಗೆತ್ತಿಕೊಳ್ಳುತ್ತೇನೆ. ಗೆರೆ ಮಾತ್ರ ಸರಿಯಾಗಿಯೇ ಇರುತ್ತದೆ, ಅದರಲ್ಲಿ ಮೋಸವಿಲ್ಲ.

ನಮ್ಮದು ಇಸ್ತ್ರಿ ಅಂಗಡಿ. ಬೀದಿಗೆ ತೆರೆದುಕೊಂಡ ಒಂದೇ ಕೋಣೆ, ಕಂಬಳಿ ಹೊದಿಸಿದ ಮೂರು ಮೇಜು, ಗೋಡೆಯುದ್ದಕ್ಕೂ ಹಲಗೆ, ಹಲಗೆ ತುಂಬ ಬಟ್ಟೆಯ ಗಂಟು. ಹಿಂದಿನ ಬಾಗಿಲು ದಾಟಿದರೆ ಮನೆ. ಅಪ್ಪ ಪ್ಯಾಂಟು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಮಂಡಿ ನೋಯುತ್ತದಲ್ಲ, ಕೂತು ಮಾಡಿ ಎಂದರೆ "ಕೂತ್ಕೊಂಡು ಇಸ್ತ್ರಿ ಮಾಡೋದೂ ಒಂದೇ, ಮಲಗಿಕೊಂಡು ಊಟ ಮಾಡೋದೂ ಒಂದೇ" ಎನ್ನುತ್ತಾರೆ. ಅಮ್ಮ ಗಂಟು ಬಿಚ್ಚಿ, ಯಾರ ಬಟ್ಟೆ ಯಾವುದೆಂದು ಕಾಲರಿನ ಒಳಗೆ ದಾರದಿಂದ ಗುರುತು ಹಾಕುತ್ತಾಳೆ. ಅಂಗಿಗಳೂ ಗಿರಾಕಿಗಳ ಜೊತೆ ಜಗಳಗಳೂ ನನ್ನ ಪಾಲಿನವು. ಹೋಟೆಲಿನಿಂದ ರಾಶಿ ರಾಶಿ ಬರುವ ಬೆಡ್‌ಶೀಟು, ದಿಂಬಿನ ಚೀಲ ತಮ್ಮನ ಪಾಲಿನವು. ಅವನ್ನು ಒತ್ತಿ, ಮಡಿಸಿ, ಸೈಕಲ್ ಗಾಡಿಗೆ ಹೇರಿ, ಮಧ್ಯಾಹ್ನದೊಳಗೆ ಹೋಟೆಲಿಗೆ ಮುಟ್ಟಿಸಿ, ಸಂಜೆ ಅವನು ಕಾಲೇಜಿಗೆ ಹೋಗುತ್ತಾನೆ. ಈಗ ಬಾಗಿಲಿಗೆ ತಲೆ ತಾಗುವಷ್ಟು ಎತ್ತರವಾಗಿದ್ದರೂ ಮನೆಯಲ್ಲಿ ಅವನು ಚಿಕ್ಕೋನೇ.

ಚಿಕ್ಕೋನು ಚಿಕ್ಕವನಾಗಿದ್ದಾಗ ಬೀದಿಯ ದೊಡ್ಡ ಹುಡುಗರು ಅವನನ್ನು ಆಟಕ್ಕೇನೋ ಸೇರಿಸಿಕೊಳ್ಳುತ್ತಿದ್ದರು. ಆದರೆ ಅವನು ಔಟಾದರೂ ಔಟಲ್ಲ, ಗೋಲು ಹೊಡೆದರೂ ಗೋಲಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚೆಂಡು ಚರಂಡಿಗೆ ಬಿದ್ದಾಗ ಮಾತ್ರ ಎಲ್ಲರಿಗೂ ಇವನ ನೆನಪಾಗುತ್ತಿತ್ತು. ಒಂದು ದಿನ ನೋಡಲಾರದೆ ನಾನೇ ಹೋಗಿ ಆ ಹುಡುಗರಿಗೆ ಬಾಯಿಗೆ ಬಂದ ಹಾಗೆ ಬೈದೆ. ಇವನು ಅವರನ್ನು ಬಿಟ್ಟು ನನ್ನ ಮೇಲೆಯೇ ಹಾರಿಬಿದ್ದ. "ನೀನು ಹೀಗೆ ಜಗಳ ಆಡಿದ್ರೆ ನಾಳೆ ಚೆಂಡು ತರೋಕೂ ಕರೆಯಲ್ಲ, ಗೊತ್ತಾ?" ಮರುದಿನ ಮತ್ತೆ ಹೋದ. ಅದರ ಮರುದಿನವೂ ಹೋದ. ಒಂದು ಬೇಸಿಗೆ ಪೂರ್ತಿ ಹಾಗೆ ಹೋಗಿ, ಕೊನೆಗೆ ಆ ಹುಡುಗರಿಗೇ ಇವನನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಬೇಜಾರಾಗಿ ಹೋಯಿತು. ಅವನ ಸ್ವಭಾವವೇ ಅಂಥದ್ದು. ನನಗೆ ಬಾಯಿ ಕೊಟ್ಟ ದೇವರು ಅವನಿಗೆ ಹಟ ಕೊಟ್ಟ.

ಸಂಜೆ ಕಾಲೇಜೆಂದರೆ ಹಗಲು ದುಡಿಯುವವರ ಕಾಲೇಜು. ಒಂದು ಶಾಲೆಯ ಕಟ್ಟಡದಲ್ಲಿ ಮಕ್ಕಳು ಎದ್ದುಹೋದ ಬೆಂಚುಗಳಲ್ಲಿ ಮಂಡಿ ತುರುಕಿಕೊಂಡು ಕೂರುತ್ತಾರೆ. ಬೇಕರಿಯಲ್ಲಿ ಒಲೆ ನೋಡುವವನು, ಬಸ್ಸಿನ ಕಂಡಕ್ಟರು, ಆಸ್ಪತ್ರೆಯ ವಾರ್ಡ್ ಬಾಯ್, ಗ್ಯಾರೇಜಿನವನು, ಗೋಡೆಗೆ ಬಣ್ಣ ಬಳಿಯುವವನು, ಎಲ್ಲ ಅಲ್ಲಿದ್ದಾರೆ. ಅಲ್ಲೂ ಒಂದು ಫುಟ್‌ಬಾಲ್ ಟೀಮಿತ್ತು, ಹೆಸರಿಗೆ. ತಮ್ಮ ಸೇರಿದ ವರ್ಷ ಅವನ ಮೊದಲ ಮ್ಯಾಚು ನೋಡಲು ಹೋದೆ. ನಮ್ಮ ಕಡೆ ಎಣಿಸಿದರೆ ಒಂಬತ್ತೇ ಜನ. ಉಳಿದಿಬ್ಬರಿಗೆ ಕೆಲಸದಿಂದ ಬಿಡುಗಡೆ ಸಿಕ್ಕಿರಲಿಲ್ಲ. ಏಳು ಜನ ಇದ್ದರೂ ಆಟ ಶುರು ಮಾಡಬಹುದಂತೆ, ನಿಯಮ ಹಾಗಿದೆಯಂತೆ. ಆರು ಗೋಲು ಹಾಕಿಸಿಕೊಂಡರು. ನೋಡುವವರು "ಮುಕ್ಕಾಲು ಕಾಲೇಜು! ಮುಕ್ಕಾಲು ಕಾಲೇಜು!" ಎಂದು ಚಪ್ಪಾಳೆ ತಟ್ಟಿ ಕುಣಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುವರ್ಷ ಕ್ಯಾಪ್ಟನ್ ಆಗಲು ಯಾರೂ ಮುಂದೆ ಬರಲಿಲ್ಲ. ಒಡೆದ ಮಡಕೆಗೆ ಯಾರು ಮುಚ್ಚಳ ಆಗುತ್ತಾರೆ? ಇವನು ಆದ. ಮನೆಗೆ ಬಂದು ಹೇಳಿದಾಗ ಅಪ್ಪ ಪ್ಯಾಂಟಿನ ಗೆರೆ ಬಿಟ್ಟು ತಲೆ ಎತ್ತದೆ "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದರು. ಅಮ್ಮ "ಕಾಲು ಮುರ್ಕೊಂಡು ಬಂದ್ರೆ ಬೆಡ್‌ಶೀಟು ಯಾರು ಒತ್ತೋರು?" ಎಂದಳು.

"ಟೀಮಿಗೆ ಏನು ಹೇಳಿಕೊಡ್ತೀಯೋ?" ಎಂದು ನಾನು ಕೇಳಿದೆ.

"ಏನೂ ಇಲ್ಲ. ಮೊದಲು ಹನ್ನೊಂದು ಜನ ಬರಬೇಕು. ಪ್ರತಿ ಸಲವೂ ಬರಬೇಕು. ಆಟ ಆಮೇಲೆ."

ಅವನ ತಲೆಯಲ್ಲಿದ್ದದ್ದು ಅಷ್ಟೇ. ಉಳಿದ ಕಾಲೇಜುಗಳಲ್ಲಿ ಕ್ಯಾಪ್ಟನ್ನರು ಚೆಂಡು ಹೀಗೆ ಕೊಡು, ಹಾಗೆ ತಗೋ ಎಂದು ಕೂಗಾಡುತ್ತಿದ್ದರೆ ಇವನು ಸೈಕಲ್ ಗಾಡಿ ತಳ್ಳಿಕೊಂಡು ಹುಡುಗರ ಯಜಮಾನರ ಬಾಗಿಲು ಸುತ್ತುತ್ತಿದ್ದ. ಮೊದಲು ಹೋದದ್ದು ಬೇಕರಿಗೆ, ಯಾಕೆಂದರೆ ಒಲೆ ನೋಡುವ ಹುಡುಗನೇ ನಮ್ಮ ಗೋಲ್‌ಕೀಪರು. ಅವತ್ತು ದಾರಿಯಲ್ಲಿ ಅಂಗಿ ಕೊಡುವುದಿತ್ತೆಂದು ನಾನೂ ಜೊತೆಗಿದ್ದೆ. ಬೇಕರಿ ಯಜಮಾನ ಮೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದ.

"ನಿನ್ನ ಚೆಂಡಿಗೋಸ್ಕರ ನಾನು ಒಲೆ ಆರಿಸ್ಲಾ?" ಎಂದ.

"ಬೇಡ ಸ್ವಾಮಿ. ಮೈದಾ ಮೂಟೆ ಲಾರಿ ಯಾವಾಗ ಬರುತ್ತೆ?"

"ಗುರುವಾರ ಬೆಳಗ್ಗೆ. ಅದ್ಯಾಕೆ ನಿನಗೆ?"

"ನಾವು ಹನ್ನೊಂದು ಜನ ಬಂದು ಇಳಿಸಿಕೊಡ್ತೀವಿ. ಬದಲಿಗೆ ಭಾನುವಾರ ಬೆಳಗ್ಗೆ ಅವನನ್ನ ಬಿಡಿ."

ಯಜಮಾನ ನಕ್ಕ. ಆದರೆ ಗುರುವಾರ ಬೆಳಕು ಹರಿಯುವ ಹೊತ್ತಿಗೆ ನಿಜವಾಗಿಯೂ ಹುಡುಗರು ಹೋಗಿ ನಿಂತಿದ್ದರು. ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಲಾರಿ ಖಾಲಿ. ಮುಂದಿನ ಗುರುವಾರವೂ ಹೋದರು. ಆಮೇಲೆ ಬಸ್ ಡಿಪೋದಲ್ಲಿ ಬಸ್ಸು ತೊಳೆದರು, ಗ್ಯಾರೇಜಿನಲ್ಲಿ ಹಳೇ ಟೈರು ಹೊತ್ತರು. ಬಣ್ಣದವನ ಮೇಸ್ತ್ರಿಗೆ ಹತ್ತಿ ನಿಲ್ಲಲು ಬಿದಿರಿನ ಸಾರುವೆ ಕಟ್ಟಿಕೊಟ್ಟರು. ಒಬ್ಬನಿಗೆ ಬಿಡುವು ಬೇಕೆಂದರೆ ಉಳಿದವರೆಲ್ಲ ಹೋಗಿ ಅವನ ಕೆಲಸದ ಭಾರ ಇಳಿಸುವುದು. "ಇದು ಮುಯ್ಯಿ ಆಳಿನ ಲೆಕ್ಕ ಕಣೋ" ಎಂದು ಅಪ್ಪ ಮೊದಲ ಬಾರಿಗೆ ಸ್ವಲ್ಪ ಮೆಚ್ಚುಗೆಯಿಂದ ಹೇಳಿದರು. ಮೆಚ್ಚಿದ್ದು ಕೆಲಸವನ್ನು, ಫುಟ್‌ಬಾಲನ್ನಲ್ಲ.

ನಮ್ಮ ಅಂಗಡಿಗೂ ಬಂದರು. ಅಯ್ಯೋ, ಆ ಮೊದಲ ದಿನ! ಎರಡಾಳು ಉದ್ದದ ಬೆಡ್‌ಶೀಟನ್ನು ಮಡಿಸುವುದೆಂದರೆ ಇಬ್ಬರು ಎದುರುಬದುರು ನಿಂತು, ತುದಿ ಹಿಡಿದು, ಎಳೆದು, ಒಟ್ಟಿಗೆ ಹೆಜ್ಜೆ ಮುಂದಿಟ್ಟು, ಒಟ್ಟಿಗೆ ಹಿಂದಕ್ಕೆ ಹೋಗಬೇಕು. ಒಬ್ಬ ಬೇಗ ಬಂದರೆ ಬಟ್ಟೆ ನೆಲ ಗುಡಿಸುತ್ತದೆ, ಒಬ್ಬ ತಡ ಮಾಡಿದರೆ ಕೈ ಜಾರುತ್ತದೆ. ಗ್ಯಾರೇಜಿನವನೂ ವಾರ್ಡ್ ಬಾಯೂ ಹಿಡಿದುಕೊಂಡು ಎತ್ತುಗಳ ಹಾಗೆ ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆದರು. ಒತ್ತಿದ ಶೀಟು ಮುದ್ದೆಯಾಯಿತು. "ನಿಮ್ಮ ಮೈದಾನಕ್ಕಿಷ್ಟು ಬೆಂಕಿ ಹಾಕ" ಎಂದು ನಾನು ಕಿರುಚಿದೆ. ಚಿಕ್ಕೋನು ಮಾತ್ರ ಸುಮ್ಮನೆ ಅವರ ಕಾಲುಗಳನ್ನೇ ನೋಡುತ್ತಾ ನಿಂತಿದ್ದ.

ಭಾನುವಾರ ಮೈದಾನದಲ್ಲಿ ನೋಡುತ್ತೇನೆ, ನಮ್ಮ ಹಿಂದಿನ ಸಾಲಿನ ನಾಲ್ವರು ಶೀಟು ಮಡಿಸುತ್ತಿದ್ದಾರೆ! ಕೈಯಲ್ಲಿ ಶೀಟಿಲ್ಲ, ಅಷ್ಟೇ. ಎದುರಿನವರು ಚೆಂಡು ತಂದಾಗ ಇವನು "ಮಡಿಸು!" ಎನ್ನುತ್ತಾನೆ, ನಾಲ್ವರೂ ಒಂದೇ ಹೆಜ್ಜೆಯಲ್ಲಿ ಒಳಗೆ ಸೇರುತ್ತಾರೆ. ಚೆಂಡು ನಮಗೆ ಸಿಕ್ಕಾಗ "ಬಿಡಿಸು!" ಎನ್ನುತ್ತಾನೆ, ನಾಲ್ವರೂ ಅಗಲವಾಗುತ್ತಾರೆ. ಎದುರಿನ ಟೀಮಿನವರು ಇದೇನು ಧೋಬಿ ಭಾಷೆಯೆಂದು ಮೊದಲು ಹಲ್ಲು ಕಿರಿದರು. ಅರ್ಧ ಆಟದ ಹೊತ್ತಿಗೆ ಹಲ್ಲು ಒಳಗೆ ಹೋಗಿತ್ತು. ಅವತ್ತು ಸೊನ್ನೆ-ಸೊನ್ನೆ.

ಆಮೇಲೆ ಬಂದದ್ದೂ ಅಂಥದ್ದೇ. ಒಂದು ಡ್ರಾ, ಮತ್ತೊಂದು ಡ್ರಾ, ಒಂದು ಗೋಲಿನ ಗೆಲುವು, ಒಂದು ಗೋಲಿನ ಸೋಲು, ಮತ್ತೆ ಡ್ರಾ. ಪೇಪರಿನವರು ಬರೆಯುವ ಆಟ ನಮ್ಮದಾಗಿರಲಿಲ್ಲ. ಆದರೆ ಹನ್ನೊಂದು ಜನ ಬಾರದ ಮ್ಯಾಚು ಒಂದೂ ಇರಲಿಲ್ಲ. ಮೂರನೇ ವರ್ಷದ ಹೊತ್ತಿಗೆ ನಮ್ಮನ್ನು ಎರಡು ಗೋಲಿನಿಂದ ಸೋಲಿಸಬಲ್ಲವರು ಯಾರೂ ಉಳಿದಿರಲಿಲ್ಲ. ಸಂಜೆ ಕಾಲೇಜಿನ ಜೊತೆ ಮ್ಯಾಚು ಎಂದರೆ ಬೇರೆ ಕಾಲೇಜಿನವರು ಹಿಂದಿನ ದಿನವೇ ಬೇಗ ಮಲಗುತ್ತಿದ್ದರಂತೆ. ಹನಿ ಹನಿ ಸೇರಿ ಹಳ್ಳವಾಗಿ, ಹತ್ತು ಕಾಲೇಜುಗಳ ಲೀಗಿನಲ್ಲಿ ನಾವು ನಾಲ್ಕನೇ ಜಾಗದಲ್ಲಿದ್ದೆವು.

ಅಷ್ಟರಲ್ಲಿ ಲೀಗಿನವರು ಹೊಸ ರಾಗ ಎಳೆದರು. ಮುಂದಿನ ವರ್ಷದಿಂದ ಮೊದಲ ನಾಲ್ಕು ಟೀಮು ಮಾತ್ರ, ಉಳಿದವರಿಗೆ ರಾಮ ರಾಮ. ನಮ್ಮ ಪ್ರಿನ್ಸಿಪಾಲರು ಚಿಕ್ಕೋನನ್ನು ಕರೆಸಿ ನೇರವಾಗಿ ಹೇಳಿದರು: "ನಾಲ್ಕರೊಳಗೆ ನಿಂತ್ರೆ ಟೀಮು ಇರುತ್ತೆ. ಇಲ್ದಿದ್ರೆ ಮುಚ್ಚಿಬಿಡ್ತೀವಿ. ಆಡೋಕೆ ಲೀಗೇ ಇಲ್ಲದ ಮೇಲೆ ಟೀಮು ಯಾಕೆ?" ಉಳಿದದ್ದು ಒಂದೇ ಮ್ಯಾಚು, ಅದೂ ಮೊದಲ ಸ್ಥಾನದ ದೊಡ್ಡ ಕಾಲೇಜಿನ ಜೊತೆ, ಅವರದೇ ಮೈದಾನದಲ್ಲಿ. ಡ್ರಾ ಆದರೂ ಸಾಕು, ಒಂದು ಪಾಯಿಂಟು ಸಿಕ್ಕಿ ನಾವು ಉಳಿಯುತ್ತಿದ್ದೆವು. ಸೋತರೆ ಐದನೆಯವರು ಮೇಲೆ ಬಂದು ನಮ್ಮ ಟೀಮಿಗೆ ಬೀಗ. ಚಿಕ್ಕೋನಿಗೆ ಇನ್ನೂ ಒಂದು ವರ್ಷ ಓದು ಬಾಕಿಯಿತ್ತು. ಆ ಟೀಮು ಹೋದರೆ ಅವನ ಪಾಲಿಗೆ ಉಳಿಯುವುದು ಬೆಡ್‌ಶೀಟೊಂದೇ ಎಂಬುದು ನನಗೆ ಗೊತ್ತಿತ್ತು.

ಆ ಮ್ಯಾಚನ್ನು ಎಲ್ಲಿಟ್ಟರು ಗೊತ್ತೇ? ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ! ಊರಿಗೆ ಊರೇ ಕೆಲಸಕ್ಕೆ ಓಡುವ ಹೊತ್ತಿನಲ್ಲಿ.

ಲೀಗಿನ ಕಾರ್ಯದರ್ಶಿಗಳು ದೊಡ್ಡ ಕಾಲೇಜಿನಲ್ಲೇ ಆಟದ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಕೋಣೆ ಆ ಮೈದಾನದ ಪಕ್ಕದಲ್ಲೇ ಇದೆ. ಗಾಜಿನ ಬೀರುವಿನ ತುಂಬ ಗೆದ್ದ ಕಪ್ಪುಗಳು, ಮೇಜಿನ ಮೇಲೆ ಹೂದಾನಿ. ತಮ್ಮ ಬೇಡವೆಂದರೂ ನಾನು ಜೊತೆಗೆ ಹೋದೆ.

"ಸರ್, ನಮ್ಮವರೆಲ್ಲಾ ಕೆಲಸಕ್ಕೆ ಹೋಗೋರು. ಒಂದು ದಿನ ಮುಂಚೆ, ಭಾನುವಾರ ಇಟ್ಕೊಂಡ್ರೆ..." ಎಂದ ಇವನು.

"ಭಾನುವಾರ ಮೈದಾನಕ್ಕೆ ನೀರು ಹಾಯಿಸ್ತಾರಪ್ಪ."

"ಸೋಮವಾರ ಹಾಯಿಸಿದ್ರೆ ಹುಲ್ಲು ಬೇಡ ಅನ್ನುತ್ತಾ?" ಎಂದೆ ನಾನು.

ಕಾರ್ಯದರ್ಶಿಗಳು ಕನ್ನಡಕದ ಮೇಲಿನಿಂದ ನೋಡಿದರು. "ನೀವು ಯಾರಮ್ಮ? ಟೀಮಿನಲ್ಲಿ ಏನಾಗಿದೀರಿ?"

"ಅಕ್ಕ ಆಗಿದೀನಿ. ಸಾಲದಾ?"

ಅವರು ನಕ್ಕರು. ಆ ನಗುವೇ ನನಗೆ ಆಗದ್ದು, ಮಗುವಿನ ಕೆನ್ನೆ ಹಿಂಡಿದಂಥ ನಗು. "ಬೇಜಾರು ಮಾಡ್ಕೋಬೇಡಿ. ಯಾವ ಲೀಗಿನಲ್ಲೂ ಕೆಲವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅದರಲ್ಲಿ ಅವಮಾನ ಏನಿಲ್ಲ. ನಿಮ್ಮವರು ಎಷ್ಟು ಜನ ಬರೋಕಾಗುತ್ತೋ ಅಷ್ಟು ಜನ ಬಂದು ಆಡಿ."

ನಾನು ಬಾಯಿ ತೆಗೆದೆ. ಇವನು ನನ್ನ ಕೈ ಹಿಡಿದು ಅದುಮಿದ. "ಹನ್ನೊಂದು ಜನ ಬರ್ತೀವಿ ಸರ್" ಎಂದು ಹೇಳಿ ಎದ್ದ.

ಹೊರಗೆ ಬಂದ ಮೇಲೆ ನನ್ನ ಬಾಯಿಗೆ ಬೀಗ ಎಲ್ಲಿಯದು? "ಇನ್ನೊಂದು ಮಾತು ಕೇಳೋಕೆ ಏನಾಗಿತ್ತೋ ನಿಂಗೆ? ಕಾಲು ಹಿಡಿ ಅಂದ್ನಾ ನಾನು?"

"ಬೇಡಿ ತಗೊಂಡ್ರೆ ಅದು ಅವರು ಕೊಟ್ಟ ಭಾನುವಾರ ಆಗುತ್ತೆ ಅಕ್ಕಾ" ಎಂದ. "ಸೋಮವಾರ ನಮ್ಮದೇ."

ಆ ವಾರ ಹುಡುಗರು ಪಟ್ಟ ಪಾಡು ನಾಯಿಗೂ ಬೇಡ. ನಸುಕಿನಲ್ಲೇ ಎದ್ದು ಒಬ್ಬೊಬ್ಬರ ಯಜಮಾನನ ಕೆಲಸವನ್ನೂ ಮುಂಗಡವಾಗಿ ಮಾಡಿಕೊಟ್ಟರು. ಬಣ್ಣದವನ ಮೇಸ್ತ್ರಿ ಒಂದು ಇಡೀ ಗೋಡೆ ಬಳಿಸಿಕೊಂಡ, ಪುಣ್ಯಾತ್ಮ. ಎಲ್ಲರಿಗೂ ಸಿಕ್ಕಿದ್ದು ಸೋಮವಾರ ಮಧ್ಯಾಹ್ನ ಹನ್ನೆರಡರವರೆಗಿನ ಬಿಡುವು, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಕಂಡಕ್ಟರಿನ ಬಸ್ಸು ಹನ್ನೆರಡಕ್ಕೆ ಹೊರಡುತ್ತಿತ್ತು, ವಾರ್ಡ್ ಬಾಯ್‌ಗೆ ಅದೇ ಹೊತ್ತಿಗೆ ಪಾಳಿ. ಹತ್ತಕ್ಕೆ ಶುರುವಾದರೆ ಮುಗಿಸಿ ಮುಖ ತೊಳೆದು ಓಡಲು ಹೊತ್ತಿದೆ ಎಂಬುದು ಚಿಕ್ಕೋನ ಲೆಕ್ಕಾಚಾರ. ಸೋಮವಾರ ಅಪ್ಪ ಬೆಡ್‌ಶೀಟಿನ ಮೇಜಿಗೆ ನಿಂತರು. ಯಾರೂ ಕೇಳಿರಲಿಲ್ಲ. "ಇವತ್ತೊಂದಿನ ಪ್ಯಾಂಟು ಕಾಯ್ಲಿ, ನೀನೂ ಹೋಗು" ಎಂದು ನನಗೂ ಹೇಳಿದರು.

ಮೈದಾನಕ್ಕೆ ಹೋದರೆ ನಮ್ಮ ಹನ್ನೊಂದು ಜನ ಸಾಲಾಗಿ ನಿಂತಿದ್ದಾರೆ. ಎದುರಿಗೆ ದೊಡ್ಡ ಕಾಲೇಜು. ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಎಂಟು!

ಏನಾಗಿತ್ತೆಂದರೆ, ಸೋಮವಾರ ಬೆಳಗ್ಗೆ ಅವರ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಹಗಲು ಕಾಲೇಜಿಗೆ ಹಗಲು ಪರೀಕ್ಷೆ ಇರುತ್ತದೆಂಬುದು ಕಾರ್ಯದರ್ಶಿಗಳ ತಲೆಗೆ ಹೊಳೆದೇ ಇರಲಿಲ್ಲ. ಸೋಮವಾರ ಕೆಲಸ ಇರುವುದು ನಮ್ಮಂಥವರಿಗೆ ಮಾತ್ರ ಎಂದು ತಿಳಿದಿದ್ದರು, ಪಾಪ. ಅವರ ಮೂವರು ಆಟಗಾರರು, ಅದರಲ್ಲೂ ಗೋಲು ಹೊಡೆಯುವ ಮುಖ್ಯ ಹುಡುಗ, ಪ್ರಯೋಗಾಲಯದಲ್ಲಿ ಗಾಜಿನ ನಳಿಗೆ ಹಿಡಿದು ನಿಂತಿದ್ದರು. ಅಲ್ಲಿನ ಮೇಷ್ಟ್ರು ಯಾವ ಫುಟ್‌ಬಾಲಿಗೂ ಜಗ್ಗುವವರಲ್ಲವಂತೆ. ತಾವು ತೋಡಿದ ಗುಂಡಿಗೆ ತಾವೇ ಬಿದ್ದಿದ್ದರು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ? ಕಾರ್ಯದರ್ಶಿಗಳ ಮುಖ ಇಂಗು ತಿಂದ ಮಂಗನಂತಾಗಿತ್ತು.

ರೆಫರಿ ಸೀಟಿ ಬಾಯಿಗಿಟ್ಟರು. ಆಗ ನಮ್ಮ ಮಹಾರಾಯ ಕೈ ಎತ್ತಿದ.

"ಸರ್, ಅವರ ಕಡೆಯವರು ಇನ್ನೂ ಮೂರು ಜನ ಬರಬೇಕು. ಕಾಯೋಣ."

"ಎಂಟು ಜನ ಸಾಕಲ್ಲಪ್ಪ. ನಿಯಮದ ಪ್ರಕಾರ ಶುರು ಮಾಡಬಹುದು" ಎಂದರು ರೆಫರಿ.

"ಗೊತ್ತು ಸರ್. ಆದ್ರೂ ಕಾಯ್ತೀವಿ."

ದೊಡ್ಡ ಕಾಲೇಜಿನ ಕ್ಯಾಪ್ಟನ್ ಬೆಪ್ಪಾಗಿ ನೋಡುತ್ತಾ ನಿಂತ. ಎರಡೂ ಕಡೆಯವರು ಒಪ್ಪಿದರೆ ನನಗೇನು ಎಂದು ರೆಫರಿ ನೆರಳಿಗೆ ಹೋಗಿ ಕೂತರು. ನಾನು ಗೆರೆ ದಾಟಿ ಮೈದಾನದೊಳಗೇ ನುಗ್ಗಿದೆ.

"ಲೋ ಧರ್ಮರಾಯ! ತಲೆ ಕೆಟ್ಟಿದೆಯೇನೋ ನಿಂಗೆ? ಹನ್ನೆರಡಕ್ಕೆ ಬಸ್ಸು ಹೊರಡುತ್ತೆ, ಇವರೆಲ್ಲಾ ಓಡಬೇಕು! ಆ ಬೇಕರಿಯವನ ಮೂಟೆ ಹೊತ್ತಿದ್ದು ಇವರಿಗೆ ಕಾಯೋಕಾ? ನಾವು ಒಂಬತ್ತು ಜನ ಇದ್ದಾಗ ಯಾರು ಕಾದ್ರೋ ನಮಗೆ?"

"ಯಾರೂ ಕಾಯ್ಲಿಲ್ಲ."

"ಮತ್ತೆ? ಇವರ ಮೇಲೆ ನಿಂಗ್ಯಾಕೆ ಕರುಣೆ?"

"ಕರುಣೆ ಯಾರಿಗಿದೆ ಅಕ್ಕಾ?" ಎಂದ. ಅವನ ದನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. "ಎಂಟು ಜನರ ಮುಂದೆ ನಾವು ಉಳ್ಕೊಂಡ್ರೆ ನಾಳೆ ಇವರು ಏನಂತಾರೆ ಹೇಳು? ಈ ಆಟ ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತಾರೆ. ಆ ಮಾತು ನಂಗೆ ಸಾಕಾಗಿದೆ. ಹನ್ನೊಂದು ಜನ ಬರ್ಲಿ. ಲೆಕ್ಕಕ್ಕೆ ಬರ್ಲಿ. ಆಮೇಲೆ ನೋಡ್ಕೊಳ್ಳೋಣ."

ಹುಡುಗರ ಕಡೆ ತಿರುಗಿದೆ, ನೀವಾದರೂ ಬುದ್ಧಿ ಹೇಳಿ ಎಂದು. ಕಂಡಕ್ಟರು ಗಡಿಯಾರ ನೋಡಿಕೊಂಡು, "ನಾನು ಹನ್ನೆರಡಕ್ಕೆ ಇಳಿಯಲೇಬೇಕು ಕ್ಯಾಪ್ಟನ್. ಅಲ್ಲಿವರೆಗೆ ರೈಟ್ ರೈಟ್" ಎಂದ. ಉಳಿದವರು ಹುಲ್ಲಿನ ಮೇಲೆ ಕೂತರು. ಹಾಳಾದವರು, ಒಬ್ಬನಾದರೂ ನನ್ನ ಪಕ್ಷ ಸೇರಲಿಲ್ಲ. ನಾನು ಬೈಯುತ್ತಾ ಹೊರಗೆ ಬಂದೆ.

ಆ ಮೂವರು ಓಡೋಡಿ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಅವರ ಮುಖ್ಯ ಹುಡುಗನ ಬೆರಳುಗಳಲ್ಲಿ ಇನ್ನೂ ರಾಸಾಯನಿಕದ ಹಳದಿ ಕಲೆ ಇತ್ತು. ಆಟ ಶುರುವಾಯಿತು. ಕಾದಿದ್ದಾರೆಂದು ಅವರೇನೂ ಮೆತ್ತಗೆ ಆಡಲಿಲ್ಲ. ಅವರು ಮೊದಲ ಸ್ಥಾನದವರು, ಚೆಂಡು ಅವರ ಕಾಲಿಗೆ ಅಂಟಿಕೊಂಡಂತಿತ್ತು. ನಮ್ಮವರಿಗೆ ಗೊತ್ತಿದ್ದದ್ದು ಒಂದೇ. "ಮಡಿಸು!" "ಬಿಡಿಸು!" "ಮಡಿಸು!" ಬೇಕರಿಯವನು ಎರಡು ಸಲ ಬಿದ್ದು ಚೆಂಡು ಹಿಡಿದ. ಬಿಸಿ ತಟ್ಟೆ ಹಿಡಿದು ಹಿಡಿದು ಅವನ ಅಂಗೈ ದಪ್ಪವಾಗಿದೆ, ಎಂಥ ಹೊಡೆತಕ್ಕೂ ಕೈ ಬಿಡುವುದಿಲ್ಲ. ಅರ್ಧ ಆಟಕ್ಕೆ ಸೊನ್ನೆ-ಸೊನ್ನೆ.

ಎರಡನೇ ಅರ್ಧದ ನಡುವಿನಲ್ಲಿ ಹನ್ನೆರಡಾಗುತ್ತ ಬಂತು. ಕಂಡಕ್ಟರು ಚೆಂಡನ್ನು ಹೊರಗೆ ಒದ್ದು, ಚಿಕ್ಕೋನ ಬೆನ್ನು ತಟ್ಟಿ, ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ರಸ್ತೆಗೆ ಓಡಿದ. ಅವನ ಹಿಂದೆಯೇ ವಾರ್ಡ್ ಬಾಯ್ ಹೋದ. ಕಾಯಿಲೆಯವರು ಕಾಯುತ್ತಾರೆಯೇ? ಬದಲಿಗೆ ಇಳಿಸಲು ನಮ್ಮಲ್ಲಿ ಯಾರೂ ಇರಲಿಲ್ಲ. ಯಜಮಾನರ ಬೈಗುಳ ತಿಂದರೂ ಸರಿಯೆಂದು ಒಂಬತ್ತು ಜನ ಉಳಿದರು. ಗೆರೆಯ ಆಚೆ ನಿಂತ ದೊಡ್ಡ ಕಾಲೇಜಿನ ಹುಡುಗರು "ಮುಕ್ಕಾಲು..." ಎಂದು ಯಾರೋ ಶುರುಮಾಡಿದ್ದನ್ನು ಮುಂದುವರಿಸಲಿಲ್ಲ. ಅವರಿಗೂ ನಾಚಿಕೆ ಎಂಬುದು ಇರುತ್ತದಲ್ಲ.

ಆಮೇಲೆ ನಡೆದದ್ದನ್ನು ಆಟ ಎನ್ನಲಾರೆ. ಹನ್ನೊಂದು ಜನ ಒಂದೇ ಕಡೆಗೆ ನುಗ್ಗುವುದು, ಒಂಬತ್ತು ಜನ ಅಡ್ಡ ನಿಲ್ಲುವುದು. ಚಿಕ್ಕೋನ ಗಂಟಲು ಒಡೆದುಹೋಯಿತು, "ಮಡಿಸು" ಎಂದರೆ ಗಾಳಿ ಮಾತ್ರ ಬರುತ್ತಿತ್ತು. ಅದಕ್ಕೇನಂತೆ, ನನಗೆ ಗಂಟಲಿಲ್ಲವೇ? ನಾನು ಗೆರೆಗುಂಟ ಓಡುತ್ತಾ ಕಿರುಚಿದೆ. "ಮಡಿಸ್ರೋ! ಮಡಿಸ್ರೋ ಹಾಳಾದವ್ರಾ, ಅಂಚು ಹಿಡೀರೋ! ಗ್ಯಾರೇಜು, ಕೈ ಜಾರಬೇಡ!" ಕೊನೆಗೆ ಅವರ ಹಳದಿ ಬೆರಳಿನ ಹುಡುಗ ಹತ್ತಿರದಿಂದ ಒದ್ದ. ಬೇಕರಿಯವನು ಆಗಲೇ ನೆಲದ ಮೇಲಿದ್ದ. ಗೋಲು ಬರಿದಾಗಿತ್ತು. ಎಲ್ಲಿಂದಲೋ ಬಂದ ಚಿಕ್ಕೋನ ಮುಖಕ್ಕೆ ಚೆಂಡು ಫಟ್ಟೆಂದು ಬಡಿದು ಹೊರಗೆ ಹಾರಿತು. ಇವನು ಮಗುಚಿಬಿದ್ದ. ರೆಫರಿ ಕೊನೆಯ ಸೀಟಿ ಊದಿದರು. ಸೊನ್ನೆ-ಸೊನ್ನೆ.

ಅಯ್ಯೋ ದೇವರೇ ಎಂದು ನಾನು ಓಡಿದೆ. ಮೂಗಿನಿಂದ ರಕ್ತ ಇಳಿಯುತ್ತಿತ್ತು, ಹಲ್ಲೆಲ್ಲ ಕೆಂಪು. ನಗುತ್ತಿದ್ದ! ನನ್ನ ಸೆರಗಿನಿಂದ ಮುಖ ಒರೆಸಿ, ಒರೆಸಿದ ಕೈಯಿಂದಲೇ ತಲೆಗೆ ಒಂದು ಮೊಟಕಿದೆ. ಅಳು ಬಂತು, ಅಲ್ಲೇ ಎಲ್ಲರೆದುರು ಅತ್ತೆ. ಅವನು "ಅಕ್ಕಾ, ಹೋಟೆಲಿನವರು ಕಾಯ್ತಾರೆ" ಎಂದು ಎದ್ದು ಸೈಕಲ್ ಗಾಡಿ ಹತ್ತಿ ಹೊರಟೇಹೋದ.

ದೊಡ್ಡ ಕಾಲೇಜಿನ ಕ್ಯಾಪ್ಟನ್ ಕೈಕುಲುಕಲು ಬಂದಾಗ ಉಳಿದ ಹುಡುಗರೂ ಕೆಲಸಕ್ಕೆ ಓಡಿದ್ದರು, ಅಲ್ಲಿದ್ದದ್ದು ನಾನೊಬ್ಬಳೇ. "ನಿಮ್ಮ ತಮ್ಮ ಯಾಕೆ ಕಾದ್ರು?" ಎಂದು ಕೇಳಿದ. "ಅವನನ್ನೇ ಕೇಳಪ್ಪ. ನಾನಾಗಿದ್ರೆ ಖಂಡಿತಾ ಕಾಯ್ತಿರಲಿಲ್ಲ" ಎಂದೆ. ಸತ್ಯವನ್ನೇ ಹೇಳಿದ್ದು.

ಟೀಮು ಉಳಿಯಿತು. ಪ್ರಿನ್ಸಿಪಾಲರು ಹಾರ ಹಾಕಲಿಲ್ಲ, ಬೀಗವನ್ನೂ ಹಾಕಲಿಲ್ಲ, ಅಷ್ಟು ಸಾಕು. ಹೊಸ ವರ್ಷದ ಲೀಗು ಶುರುವಾಗುವ ಮುಂಚೆ ಒಂದು ಬೆಳಗ್ಗೆ ನಮ್ಮ ಅಂಗಡಿಯ ಮುಂದೆ ಕಾರ್ಯದರ್ಶಿಗಳು ಬಂದು ನಿಂತರು. ಬಟ್ಟೆ ತಂದಿರಲಿಲ್ಲ. ಅಪ್ಪ ಸ್ಟೂಲು ಸರಿಸಿದರೂ ಕೂರಲಿಲ್ಲ. ಚಿಕ್ಕೋನ ಇಸ್ತ್ರಿಪೆಟ್ಟಿಗೆ ಹೋಗಿ ಬರುವುದನ್ನು ನೋಡುತ್ತಲೇ ಮಾತು ತೆಗೆದರು.

"ನಿಮ್ಮ ಜೊತೆ ನಮ್ಮ ಮ್ಯಾಚು... ನಿಮ್ಮ ಹುಡುಗರಿಗೆ ಯಾವತ್ತು ಬಿಡುವಾಗುತ್ತೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅಮ್ಮನ ಕೈಯ ದಾರ ನಿಂತಿತು. ಚಿಕ್ಕೋನು ಶೀಟಿನಿಂದ ಕಣ್ಣೆತ್ತಲಿಲ್ಲ.

"ಯಾವತ್ತಾದ್ರೂ ಇಡಿ ಸರ್. ಬರ್ತೀವಿ."

ಇವನ ಹಟಕ್ಕಿಷ್ಟು! ನಾನು ಅಡ್ಡಬಂದೆ. "ಅವನ ಮಾತು ಬಿಡಿ. ಭಾನುವಾರ ಇಡಿ. ಹುಡುಗರು ಮೂಟೆ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ."

"ಆಯ್ತಮ್ಮ. ಭಾನುವಾರವೇ ಇಡೋಣ" ಎಂದರು, ಒಂದು ಮಾತೂ ಎದುರಾಡದೆ.

ಆಗ ಚಿಕ್ಕೋನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಮೊದಲ ಬಾರಿಗೆ ಅವರ ಮುಖ ನೋಡಿದ.

"ಅವತ್ತು ನಿಮ್ಮ ಹುಡುಗರಿಗೆ ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ ತಾನೇ ಸರ್? ಹನ್ನೊಂದು ಜನ ಬರಬೇಕು."

ಕೊಂಕಿಗೆ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದ. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ವಿಚಾರಿಸಿ ಬಂದು ಹೇಳ್ತೀನಪ್ಪ" ಎಂದರು.